ಅರ್ಥವಾಗದ ಭಾಷೆಯಲ್ಲಿ ಮರಣದಂಡನೆ

2015ರ ಏಪ್ರಿಲ್ 29ರ ಬೆಳಿಗ್ಗೆ ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾದ ಕೆಲವು ದಿನಪತ್ರಿಕೆಗಳು ಮೇರಿ ಜೇನ್ ವೆಲೋಸೊ ಎಂಬ ಬಡ ಕಥೋಲಿಕ ತಾಯಿಯ ಮರಣವಾರ್ತೆಯನ್ನು ಮುಖಪುಟದಲ್ಲಿ ಹೊತ್ತು ಬಂದವು. ವಾರ್ತೆ ಸುಳ್ಳಾಗಿತ್ತು. ಇಂಡೋನೇಷ್ಯಾದ ನೂಸಾ ಕಂಬಾಂಗನ್ ಎಂಬ ಸೆರೆಮನೆಯ ದ್ವೀಪದಲ್ಲಿ ಆ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಎಂಟು ಮಂದಿಯನ್ನು ಗುಂಡಿಕ್ಕಿ ಕೊಂದದ್ದು ನಿಜ. ಒಂಬತ್ತನೆಯವಳಾಗಬೇಕಿದ್ದ ಈಕೆಯ ಶಿಕ್ಷೆಯನ್ನು ಕಟ್ಟಕಡೆಯ ಗಳಿಗೆಯಲ್ಲಿ ತಡೆಹಿಡಿಯಲಾಯಿತು. ಆ ಸುದ್ದಿ ತಲಪುವಷ್ಟರಲ್ಲಿ ಪತ್ರಿಕೆಗಳು ಅಚ್ಚಾಗಿಬಿಟ್ಟಿದ್ದವು.

ಈಕೆಯ ಕತೆ ನಮ್ಮ ಕರಾವಳಿಯ ಮನೆಗಳಿಗೆ ಅಪರಿಚಿತವೇನಲ್ಲ. ಕಬ್ಬಿನ ಗದ್ದೆಯ ಕೂಲಿಯಾಳಿನ ಮಗಳು. ಐವರು ಮಕ್ಕಳಲ್ಲಿ ಕಿರಿಯವಳು. ಇಬ್ಬರು ಗಂಡುಮಕ್ಕಳನ್ನು ಸಾಕಲೋಸುಗ ದುಬೈಗೆ ಮನೆಗೆಲಸಕ್ಕೆ ಹೋಗಿ, ಅಲ್ಲಿ ಮಾನಭಂಗದ ಯತ್ನ ನಡೆದುದರಿಂದ ಊರಿಗೆ ಮರಳಿದವಳು. 2010ರಲ್ಲಿ ಪರಿಚಿತಳೊಬ್ಬಳು ಮಲೇಷ್ಯಾದಲ್ಲಿ ಕೆಲಸ ಕೊಡಿಸುವೆನೆಂದು ಕರೆದೊಯ್ದಳು. ಅಲ್ಲಿಗೆ ಹೋದ ಮೇಲೆ, ಆ ಕೆಲಸ ಸದ್ಯಕ್ಕಿಲ್ಲ, ಕೆಲವು ದಿನ ಇಂಡೋನೇಷ್ಯಾಕ್ಕೆ ಹೋಗಿ ಬಾ ಎಂದು ಹೇಳಿ ಕೈಗೊಂದು ಸೂಟ್‌ಕೇಸ್ ಕೊಟ್ಟಳು. ಯೋಗ್ಯಕರ್ತ ನಗರದ ವಿಮಾನ ನಿಲ್ದಾಣದಲ್ಲಿ ಅದರ ಒಳಪದರವನ್ನು ಬಿಚ್ಚಿದಾಗ 2.6 ಕಿಲೋ ಹೆರಾಯಿನ್ ಸಿಕ್ಕಿತು. ಇಷ್ಟನ್ನೂ ಆಕೆಯ ಹೇಳಿಕೆಯಂತೆಯೇ ಬರೆದಿದ್ದೇವೆ. ಪೆಟ್ಟಿಗೆಯೊಳಗೇನಿದೆ ಎಂಬುದು ಆಕೆಗೆ ತಿಳಿದಿತ್ತೋ ಇಲ್ಲವೋ, ಇಲ್ಲಿ ಕುಳಿತು ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಆದರೆ ಅದನ್ನು ಕೇಳಿ ತಿಳಿಯಬೇಕಾಗಿದ್ದ ನ್ಯಾಯಾಲಯ ಹೇಗೆ ಕೇಳಿತು ಎಂಬುದನ್ನು ನೋಡಬಹುದು.

ಮೇರಿ ಜೇನ್ ಆಡುತ್ತಿದ್ದ ಭಾಷೆ ತಗಾಲೊಗ್. ವಿಚಾರಣೆ ನಡೆದದ್ದು ಇಂಡೋನೇಷ್ಯಾದ ಭಾಷೆಯಲ್ಲಿ. ದುಭಾಷಿಯಾಗಿ ನಿಂತದ್ದು ಭಾಷಾ ಶಾಲೆಯೊಂದರ ವಿದ್ಯಾರ್ಥಿ, ಅಧಿಕೃತ ಪರವಾನಗಿ ಇಲ್ಲದ ವ್ಯಕ್ತಿ, ಅನುವಾದಿಸಿದ್ದಾದರೂ ಇಂಗ್ಲಿಷಿಗೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಆಕೆಗೆ ಆ ಇಂಗ್ಲಿಷ್ ಎಷ್ಟರಮಟ್ಟಿಗೆ ತಿಳಿಯುತ್ತಿತ್ತು? ಸರಕಾರಿ ವಕೀಲರು ಕೇಳಿದ್ದು ಜೀವಾವಧಿ ಶಿಕ್ಷೆಯನ್ನು. ನ್ಯಾಯಾಧೀಶರು 2010ರ ಅಕ್ಟೋಬರಿನಲ್ಲಿ ವಿಧಿಸಿದ್ದು ಮರಣದಂಡನೆಯನ್ನು. ಬಂಧನದಿಂದ ತೀರ್ಪಿನವರೆಗೆ ಕಳೆದದ್ದು ಆರು ತಿಂಗಳು ಮಾತ್ರ. ದುಭಾಷಿಯ ಲೋಪವನ್ನೇ ಮುಂದಿಟ್ಟು ಮರುಪರಿಶೀಲನೆಗೆ ಸಲ್ಲಿಸಿದ ಅರ್ಜಿಯನ್ನು 2015ರಲ್ಲಿ ತಳ್ಳಿಹಾಕಲಾಯಿತು.

ಆರೋಪಿಗೆ ನ್ಯಾಯಾಲಯದ ಭಾಷೆ ಬಾರದಿದ್ದರೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕೆಂದು 1966ರ ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಇಂಡೋನೇಷ್ಯಾ ಆ ಒಡಂಬಡಿಕೆಗೆ ಸೇರಿದ ದೇಶವೇ. ಹೆಸರಿಗೊಬ್ಬ ದುಭಾಷಿಯನ್ನು ನಿಲ್ಲಿಸಿದ ಮಾತ್ರಕ್ಕೆ ಆ ವಿಧಿ ಪಾಲನೆಯಾಯಿತೆನ್ನಲು ನಮ್ಮ ಮನಸ್ಸು ಒಪ್ಪದು.

ಇದಕ್ಕಿಂತಲೂ ದಾರುಣವಾದುದು ಶ್ರೀಲಂಕಾದ ರಿಜಾನಾ ನಫೀಕ್ ಎಂಬ ಮುಸ್ಲಿಂ ಹುಡುಗಿಯ ಪಾಡು. ತ್ರಿಕೋನಮಲೆ ಜಿಲ್ಲೆಯ ಮೂತೂರಿನ ಈ ತಮಿಳು ಮಾತಿನ ಹುಡುಗಿ 2005ರಲ್ಲಿ ಸೌದಿ ಅರೇಬಿಯಾಕ್ಕೆ ಮನೆಗೆಲಸಕ್ಕೆ ಹೋದಳು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷ 1982 ಎಂದಿತ್ತು, ಜನನಪತ್ರದಲ್ಲಿ 1988. ಅಂದರೆ ಆಕೆಗಿನ್ನೂ ಹದಿನೇಳು. ಹೋದ ಕೆಲವೇ ವಾರಗಳಲ್ಲಿ, ಆಕೆಯ ವಶದಲ್ಲಿದ್ದ ನಾಲ್ಕು ತಿಂಗಳ ಹಸುಗೂಸು ತೀರಿಕೊಂಡಿತು. ಬಾಟಲಿಯ ಹಾಲು ಗಂಟಲಿಗೆ ಸಿಕ್ಕಿಕೊಂಡಿತೆಂದು ಆಕೆ ಹೇಳಿದಳು. ಕತ್ತು ಹಿಸುಕಿದಳೆಂದು ಮಗುವಿನ ಮನೆಯವರು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆಕೆ ನ್ಯಾಯಾಲಯದಲ್ಲಿ ಹಿಂತೆಗೆದುಕೊಂಡಳು. ಮೊದಲ ವಿಚಾರಣೆಯಲ್ಲಿ ವಕೀಲರಿರಲಿಲ್ಲ. ಹೇಳಿಕೆಯನ್ನು ಅನುವಾದಿಸಿದಾತನಿಗೆ ತಮಿಳೂ ಅರಬ್ಬಿಯೂ ಸಾಕಷ್ಟು ಬರುತ್ತಿದ್ದವೇ ಎಂಬ ಸಂಶಯವೆದ್ದಾಗ ಆತ ದೇಶವನ್ನೇ ಬಿಟ್ಟಾಗಿತ್ತು. 2007ರಲ್ಲಿ ಶಿಕ್ಷೆ ವಿಧಿಸಿ, 2013ರ ಜನವರಿ 9ರಂದು ಆಕೆಯ ಶಿರಚ್ಛೇದ ಮಾಡಿದರು. ಮಗುವನ್ನು ಕಳೆದುಕೊಂಡ ತಾಯಿಯ ಸಂಕಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಮಗು ಹೇಗೆ ಸತ್ತಿತೆಂಬ ಸತ್ಯ ಆ ತಾಯಿಗೂ ಸಿಗಲಿಲ್ಲವಲ್ಲ!

ಭಾಷೆಯೊಂದೇ ಅಡ್ಡಿಯೆಂದು ನಾವು ಹೇಳುತ್ತಿಲ್ಲ. ಪರದೇಶದ ಕೂಲಿಗೆ ಜಾಮೀನಿಗೆ ನಿಲ್ಲುವ ಬಂಧುವಿಲ್ಲ, ಪರವಾಗಿ ಸಾಕ್ಷಿ ಹೇಳುವ ನೆರೆಯವನಿಲ್ಲ, ವಕೀಲರಿಗೆ ಕೊಡಲು ದುಡ್ಡಿಲ್ಲ. ಬಂಧಿತನು ಕೇಳಿಕೊಂಡರೆ ಆತನ ದೇಶದ ದೂತಾವಾಸಕ್ಕೆ ತಡವಿಲ್ಲದೆ ತಿಳಿಸಬೇಕೆಂಬುದು 1963ರ ವಿಯೆನ್ನಾ ಒಪ್ಪಂದದ ನಿಯಮ. ಕೇಳಬಹುದೆಂಬುದು ಗೊತ್ತಿದ್ದವರು ತಾನೇ ಕೇಳುವುದು? 1995ರ ಮಾರ್ಚ್ 17ರಂದು ಸಿಂಗಪುರದಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ ಮನೆಗೆಲಸದಾಕೆಯನ್ನು ಕೊಲೆ ಆರೋಪದ ಮೇಲೆ ಗಲ್ಲಿಗೇರಿಸಿದಾಗ ಫಿಲಿಪ್ಪೀನ್ಸಿನ ಜನ ಬೀದಿಗಿಳಿದರು. ಅದೇ ವರ್ಷ ಅಲ್ಲಿನ ಸಂಸತ್ತು ವಲಸೆ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯಿದೆಯೊಂದನ್ನು ರಚಿಸಿ, ಪರದೇಶದಲ್ಲಿ ಮೊಕದ್ದಮೆಗೆ ಸಿಲುಕಿದವರ ವಕೀಲಿ ವೆಚ್ಚಕ್ಕೆ ನಿಧಿಯನ್ನು ತೆಗೆದಿರಿಸಿತು. ಒಬ್ಬಾಕೆ ನೇಣಿಗೇರಿದ ಮೇಲೆ ಬಂದ ಬುದ್ಧಿಯಾದರೂ ಬಂತಲ್ಲ.

ನಮ್ಮ ದೇಶದ ಮಾತಿಗೆ ಬರೋಣ. 2025ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಸಂಸತ್ತಿಗೆ ನೀಡಿದ ಉತ್ತರದ ಪ್ರಕಾರ ಹೊರದೇಶಗಳಲ್ಲಿ ಮರಣದಂಡನೆಗೆ ಗುರಿಯಾಗಿ ದಿನವೆಣಿಸುತ್ತಿದ್ದ ಭಾರತೀಯರು 49 ಮಂದಿ. ಅವರಲ್ಲಿ 25 ಮಂದಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ, 11 ಮಂದಿ ಸೌದಿಯಲ್ಲಿ. ಮಂಗಳೂರು, ಉಡುಪಿಗಳಿಂದ ನಮ್ಮ ಮಕ್ಕಳು ಉದ್ಯೋಗಕ್ಕೆ ಹೋಗುವ ದೇಶಗಳೇ ಇವು. ಕೊಂಕಣಿ, ತುಳು, ಕನ್ನಡಗಳಲ್ಲಿ ನೋವು ನಲಿವು ಹೇಳಿಕೊಳ್ಳುವ ನಮ್ಮ ಹುಡುಗರು ಅರಬ್ಬಿಯಲ್ಲಿ ಬರೆದ ಕಾಗದಕ್ಕೆ ಓದದೆ ಸಹಿ ಹಾಕುತ್ತಾರೆ. ಊರಿನಿಂದ ಹೊರಡುವಾಗ ಯಾರೋ ಒಬ್ಬರು, 'ನಮ್ಮ ಹುಡುಗನಿಗೊಂದು ಪೊಟ್ಟಣ, ಒಣಮೀನೂ ಉಪ್ಪಿನಕಾಯಿಯೂ ಅಷ್ಟೇ' ಎಂದು ತಂದುಕೊಟ್ಟರೆ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಬಿಚ್ಚಿ ನೋಡುವುದಿಲ್ಲ. ಬಿಚ್ಚಿ ನೋಡಿದರೆ ನೆಂಟಸ್ತನ ಕೆಡುವುದೆಂಬ ಅಂಜಿಕೆ. ಕೆಡುವುದಾದರೆ ಕೆಡಲಿ ಎಂದೇ ಹೇಳುತ್ತೇವೆ. ಏಜೆಂಟನು ಸರಕಾರದಲ್ಲಿ ನೋಂದಾಯಿಸಿಕೊಂಡವನೇ ಎಂದು ವಿಚಾರಿಸುವುದಕ್ಕೂ, ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಬರೆದು ಕಿಸೆಯಲ್ಲಿಡುವುದಕ್ಕೂ ಯಾವ ಖರ್ಚೂ ಇಲ್ಲ.

2018ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2267ನೆಯ ಪರಿಚ್ಛೇದವನ್ನು ತಿದ್ದಿಸಿ, ಮರಣದಂಡನೆಯನ್ನು ಎಲ್ಲಿಯೂ ಒಪ್ಪಲಾಗದೆಂದು ಸಾರಿದರು. ನಮ್ಮ ಮನೆಗಳಲ್ಲಿ ಈಗಲೂ ಇದಕ್ಕೆ ತಲೆದೂಗದವರಿದ್ದಾರೆ. ಅಂಥವರೊಡನೆ ವಾದಕ್ಕಿಳಿಯುವುದು ಇಂದಿನ ನಮ್ಮ ಉದ್ದೇಶವಲ್ಲ. ತಪ್ಪಾಗಿ ಸೆರೆಗೆ ಹಾಕಿದವರನ್ನು ತಪ್ಪು ತಿಳಿದ ಮೇಲೆ ಹೊರಗೆ ಬಿಡಬಹುದಲ್ಲವೇ ಎಂಬ ಒಂದೇ ಪ್ರಶ್ನೆಯನ್ನು ಅವರ ಮುಂದಿಡುತ್ತೇವೆ.

ಮೇರಿ ಜೇನ್‌ಳ ಜೀವ ಉಳಿದದ್ದು ಹೇಗೆಂದು ಹೇಳಬೇಕು. ಗುಂಡು ಹಾರುವ ಹಿಂದಿನ ದಿನ, ಆಕೆಯನ್ನು ಕರೆದೊಯ್ದಿದ್ದ ಹೆಂಗಸು ಫಿಲಿಪ್ಪೀನ್ಸಿನಲ್ಲಿ ಪೊಲೀಸರ ವಶವಾದಳು. ಆ ಮೊಕದ್ದಮೆಗೆ ಮೇರಿ ಜೇನ್‌ಳ ಸಾಕ್ಷ್ಯ ಬೇಕೆಂದು ಅಲ್ಲಿನ ಸರಕಾರ ಕೇಳಿಕೊಂಡಿತು. 2020ರಲ್ಲಿ ಆ ಹೆಂಗಸಿಗೂ ಆಕೆಯ ಜೊತೆಗಾರನಿಗೂ ಅಕ್ರಮವಾಗಿ ಜನರನ್ನು ಕೆಲಸಕ್ಕೆ ಸೇರಿಸುತ್ತಿದ್ದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಯಿತು. ಉಭಯ ಸರಕಾರಗಳ ನಡುವೆ ಒಪ್ಪಂದವಾಗಿ 2024ರ ಡಿಸೆಂಬರ್ 18ರಂದು, ಕ್ರಿಸ್ತಜಯಂತಿಗೆ ಒಂದು ವಾರವಿರುವಾಗ, ಮೇರಿ ಜೇನ್ ಮನಿಲಾದಲ್ಲಿ ವಿಮಾನದಿಂದಿಳಿದಳು. ಮನೆಗೆ ಕಳುಹಿಸಲಿಲ್ಲ, ಕೈದಿಯಾಗಿಯೇ ಮಂಡಾಲುಯೋಂಗ್‌ನ ಮಹಿಳಾ ಕಾರಾಗೃಹಕ್ಕೆ ಕರೆದೊಯ್ದರು. ಫಿಲಿಪ್ಪೀನ್ಸ್ 2006ರಲ್ಲಿಯೇ ಮರಣದಂಡನೆಯನ್ನು ರದ್ದುಗೊಳಿಸಿರುವುದರಿಂದ ಕೊರಳಿನ ಕುಣಿಕೆಯಂತೂ ಕಳಚಿತು. ಹೊರಡುವಾಗ ಚಿಕ್ಕವರಾಗಿದ್ದ ಇಬ್ಬರು ಗಂಡುಮಕ್ಕಳು, ಈಗ ಬೆಳೆದು ನಿಂತವರು, ಅಂದು ಆ ಕಾರಾಗೃಹದಲ್ಲಿಯೇ ತಾಯಿಯನ್ನು ತಬ್ಬಿಕೊಂಡರು. ಹದಿನಾಲ್ಕು ವರ್ಷಗಳ ತರುವಾಯ ಸುತ್ತಲಿನವರೆಲ್ಲ ಆಡುತ್ತಿದ್ದುದು ಆಕೆಗೆ ತಿಳಿಯುವ ಮಾತು.