ಗಿಟಾರ್ ಹಿಡಿದು ತತ್ವಪದ ಹಾಡ್ತೀರಾ? ಸ್ಪೀಕರ್ ಹಿಂಗ ಆರಿಸ್ರಿ

ಅಂದೋಲಾ ಊರಿನ ಕಟ್ಟಿ ಮ್ಯಾಲೆ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ ಗಿಟಾರ್ ಹಿಡಿದು ಹಾಡಬೇಕೇನ್ರಿ? ಹಂಗಾದ್ರ ಹಾಡು ಕೇಳೋ ಬ್ಲೂಟೂತ್ ಸ್ಪೀಕರ್ ಬ್ಯಾಡ್ರಿ. ಬ್ಲೂಟೂತ್‌ನಾಗ ದನಿ ತಡವಾಗಿ ಬರ್ತದ, ತಾಳ ಕೆಡ್ತದ. ವೈರ್ ಹಚ್ಚೋ ಎರಡು ಚಾನೆಲ್ ಬೇಕು: ಒಂದು ಮೈಕಿಗೆ, ಇನ್ನೊಂದು ಗಿಟಾರಿಗೆ. ಗಿಟಾರಿನಾಗ ಪ್ರೀಆಂಪ್ ಇಲ್ಲದ ಬರೇ ಪೀಝೋ ಪಿಕಪ್ ಅದ ಅಂದ್ರ, ಸುಮಾರು 1 ಮೆಗಾಓಮ್ ಇಂಪೆಡೆನ್ಸಿನ ಇನ್‌ಪುಟ್ ನೋಡ್ರಿ. ಇಲ್ಲಾಂದ್ರ ಮಂದ್ರದ ದನಿ ಹೋಗಿ ಬರೇ ಕೀರಲು ಉಳೀತದ.

ಡಬ್ಬಿ ಮ್ಯಾಲಿನ ಪಿಎಂಪಿಒ ಅನ್ನೋ ಉಬ್ಬಿಸಿದ ವ್ಯಾಟ್ ಅಂಕಿಗೆ ಮರುಳಾಗಬ್ಯಾಡ್ರಿ, ಸತತ ಕೊಡೋ ಆರ್‌ಎಂಎಸ್ ವ್ಯಾಟ್ ಎಷ್ಟು ಅಂತ ಕೇಳ್ರಿ.

ಕಟ್ಟಿ ಮ್ಯಾಲೆ ಕರೆಂಟ್ ಇರದಿದ್ರ ಬ್ಯಾಟರಿ ಅಂತೂ ಬೇಕೇ ಬೇಕು. ರೋಲ್ಯಾಂಡ್ ಕಂಪನಿಯ ಕ್ಯೂಬ್ ಸ್ಟ್ರೀಟ್ ಇಎಕ್ಸ್ ಅನ್ನೋ ಸ್ಪೀಕರ್ 8 ಎಎ ಸೆಲ್ ಮ್ಯಾಲೆ ನಡೀತದ, 50 ವ್ಯಾಟ್ ತನಕ ಕೊಡ್ತದ.

ಕೂಂಯ್ ಅಂತ ಕೂಗಿದ್ರ ಸ್ಪೀಕರ್ ನಿಮ್ಮ ಮುಂದ ಸರಿಸ್ರಿ, ಮಂದಿ ಕಡೆ ತಿರುಗಿಸ್ರಿ. ಮತ್ತ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಾಗ ಹಚ್ಚಂಗಿಲ್ಲ, 2000ರ ಶಬ್ದಮಾಲಿನ್ಯ ನಿಯಮ ಅದ.