ರೊಟ್ಟಿ ಬಡಿಯಲಾಗದ ಕೈ, ಬ್ಯಾಸತ್ತ ಜೀವ

ಬೀದರ್ ಜಿಲ್ಲೆಯ ಭಾತಂಬ್ರಾದ ಓಣಿಗಳಲ್ಲಿ ಮುಂಜಾನೆ ಕೇಳುವ ಸಪ್ಪಳ ಜೋಳದ ರೊಟ್ಟಿ ಬಡಿಯುವುದು. ಒಂದು ಮನೆಯಲ್ಲಿ ಶುರುವಾದರೆ ಪಕ್ಕದ ಮನೆಯಿಂದ ಜವಾಬು ಬರುತ್ತದೆ. ನನಗೆ ಗೊತ್ತಿರುವ ಒಬ್ಬ ಅಕ್ಕ ಆ ಸಪ್ಪಳ ಕೇಳುತ್ತ ಹಾಸಿಗೆಯಲ್ಲೇ ಕೂತಿರುತ್ತಾಳೆ. ಬೆರಳಿನ ಗೆಣ್ಣುಗಳು ಬಾತಿವೆ, ಮುಷ್ಟಿ ಕಟ್ಟಲು ಬರುವುದಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ತಾಸು ಕಳೆದ ಮೇಲೆ ಚಹಾದ ಬಟ್ಟಲು ಹಿಡಿಯುವಷ್ಟು ಸಡಿಲಾಗುತ್ತವೆ. ಅವಳಿಗಿರುವುದು ಕೀಲುವಾತ, ಡಾಕ್ಟರರ ಚೀಟಿಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್. ಒಂದು ದಿನ ಅವಳು ಹೇಳಿದ್ದು: “ನೋವು ತಡಕೋತೀನಿ ತಮ್ಮಾ. ಆದ್ರ ಸೊಸಿ ರೊಟ್ಟಿ ಬಡಿಯೋದು ಕೇಳಿದ್ರ ಈ ಜೀವಾನೇ ಬ್ಯಾಡ ಅನಸ್ತದ.”

ಆ ಮಾತಿನಲ್ಲಿ ಎರಡು ಕಾಯಿಲೆಗಳಿವೆ. ಒಂದು ಗೆಣ್ಣಿನಲ್ಲಿದೆ, ಇನ್ನೊಂದರ ಹೆಸರು ಖಿನ್ನತೆ. ಅವಳ ಪ್ಲಾಸ್ಟಿಕ್ ಚೀಲದಲ್ಲಿ ಭಾಲ್ಕಿ, ಉದಗೀರ, ಲಾತೂರ, ಹೈದರಾಬಾದಿನ ಎಕ್ಸ್‌ರೇ, ರಕ್ತಪರೀಕ್ಷೆ, ಚೀಟಿಗಳಿವೆ. ಎಲ್ಲವೂ ಮೊದಲನೆಯ ಕಾಯಿಲೆಯವು. ಎರಡನೆಯದರ ಬಗ್ಗೆ ಒಂದು ಸಾಲೂ ಇಲ್ಲ, ಏಕೆಂದರೆ ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ.

ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇಷ್ಟೇ: ನೋವು ಹೋದ ಮೇಲೆ ಮನಸ್ಸು ತಾನೇ ಸರಿಹೋಗುತ್ತದೆ ಎಂದು ಕಾಯಬೇಡಿ. ದೀರ್ಘಕಾಲದ ನೋವಿನ ಕಾಯಿಲೆಗಳು ಬಹಳಷ್ಟು ಸಲ ಪೂರ್ತಿ ಬಿಟ್ಟುಹೋಗುವುದಿಲ್ಲ. ಆದರೆ ಖಿನ್ನತೆ ಸಾಮಾನ್ಯವಾಗಿ ಚಿಕಿತ್ಸೆಗೆ ಬಗ್ಗುತ್ತದೆ. ಅದು ಬಗ್ಗಿದರೆ ಉಳಿದ ನೋವನ್ನು ಹೊರುವುದು ಹಗುರವಾಗುತ್ತದೆ.

ಈ ಎರಡಕ್ಕೂ ನಂಟು ಹೇಗೆ? ಮುಳ್ಳು ಚುಚ್ಚಿದಾಗಿನ ನೋವು ಎಚ್ಚರಿಕೆಯ ಗಂಟೆ, ಮುಳ್ಳು ತೆಗೆದರೆ ನಿಲ್ಲುತ್ತದೆ. 3 ತಿಂಗಳಿಗಿಂತ ಹೆಚ್ಚು ಉಳಿದ ಅಥವಾ ಮತ್ತೆ ಮತ್ತೆ ಬರುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎನ್ನುತ್ತದೆ. ಅಷ್ಟು ದಿನ ಬಾರಿಸಿದ ಗಂಟೆಯ ತಂತಿಯೇ ಸೂಕ್ಷ್ಮವಾಗಿಬಿಡುತ್ತದೆ, ಸಣ್ಣ ಒತ್ತಡಕ್ಕೂ ದೊಡ್ಡ ಸಪ್ಪಳ ಮಾಡುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಮಿದುಳು ಮೇಲಿಂದ ಅದನ್ನು ತೆರೆಯಲೂಬಹುದು ಮುಚ್ಚಲೂಬಹುದು ಎಂಬ ಸಿದ್ಧಾಂತ ಮಂಡಿಸಿದರು. ಅದರ ಎಷ್ಟೋ ವಿವರಗಳು ಆಮೇಲೆ ತಿದ್ದುಪಡಿಯಾದವು. ಆದರೆ ಮೇಲಿಂದ ಕೆಳಕ್ಕೆ ನೋವನ್ನು ತಗ್ಗಿಸುವ ದಾರಿಯೊಂದಿದೆ ಎಂಬುದು ಗಟ್ಟಿಯಾಗಿ ಉಳಿಯಿತು. ಆ ದಾರಿಯಲ್ಲಿ ಕೆಲಸ ಮಾಡುವ ಮುಖ್ಯ ರಾಸಾಯನಿಕಗಳು ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್. ಮನಸ್ಸಿನ ಉತ್ಸಾಹ, ನಿದ್ದೆ, ಹಸಿವುಗಳನ್ನು ನೋಡಿಕೊಳ್ಳುವಲ್ಲಿಯೂ ಅವೇ ಇವೆ. ಆದ್ದರಿಂದ ಖಿನ್ನತೆ ಬಂದಾಗ ನೋವಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ನೋವು ಹೆಚ್ಚಾದಷ್ಟೂ ಮನಸ್ಸು ಇನ್ನೂ ಕುಸಿಯುತ್ತದೆ. ನಡುವೆ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ನೋವು ಎಂದಿಗಿಂತ ಹೆಚ್ಚು. “ಎಲ್ಲಾ ನಿನ್ನ ತಲ್ಯಾಗೇ ಆದ” ಎಂದು ಬೈಯುವವರಿಗೆ ಒಂದು ಮಾತು: ನೋವು ತಲೆಯವರೆಗೆ ಹೋಗಿಯೇ ನೋವಾಗುತ್ತದೆ, ಎಲ್ಲರದ್ದೂ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ದೇಹ ಮತ್ತು ಭಾವ ಎರಡರ ಅನುಭವ ಎಂದೇ ಹೇಳುತ್ತದೆ.

ಬೀದರ್ ಸೀಮೆಗೆ ನೋವು ಮತ್ತು ಖಿನ್ನತೆಯ ಈ ನಂಟು ಹೊಸದೇನಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯಕ್ಕೆ ಬಡಿದಾಗ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದಲ್ಲಿ ಇಳಿಯಿತು. ಕೆಲವರಿಗೆ ಮಣಕಾಲು, ಮುಂಗೈ, ಹಿಮ್ಮಡಿಯ ನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಂತಿತು. ಅಂಥವರು ಹೊಲಕ್ಕೆ ಹೋಗುವುದು ಬಿಟ್ಟರು, ಜಾತ್ರೆ ಬಿಟ್ಟರು, ಕಟ್ಟೆಯ ಮಾತು ಬಿಟ್ಟರು. “ಮುತ್ಯಾ ಸಿಡುಕ ಆಗ್ಯಾನ” ಎಂದು ಮನೆಯವರು ಸುಮ್ಮನಾದರು. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ, ಸಿಡುಕಾಗಿ, ಕುಡಿತವಾಗಿ ಬರುತ್ತದೆ.

ಗುರುತಿಸುವುದರಲ್ಲಿ ಒಂದು ತೊಡಕಿದೆ. ನಿದ್ದೆ ಇಲ್ಲ, ಹಸಿವಿಲ್ಲ, ಸುಸ್ತು ಎಂಬ ಲಕ್ಷಣಗಳು ನೋವಿನಿಂದಲೂ ಬರುತ್ತವೆ, ಖಿನ್ನತೆಯಿಂದಲೂ ಬರುತ್ತವೆ. ಹಾಗಾಗಿ ಅವುಗಳ ಮೇಲಷ್ಟೇ ತೀರ್ಮಾನಿಸಲಾಗದು. ವೈದ್ಯರು ಮೊದಲು ಕೇಳುವ ಪ್ರಶ್ನೆಗಳು ಎರಡು: ಕಳೆದ 2 ವಾರಗಳಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿದೆಯೇ? ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ನಾನು ಇದಕ್ಕೆ ಒಂದು ಸೇರಿಸುತ್ತೇನೆ. ನೋವು ಸ್ವಲ್ಪ ಬಿಡುವು ಕೊಟ್ಟ ಹೊತ್ತಿನಲ್ಲಾದರೂ ಮೊಮ್ಮಗನ ಆಟ ನೋಡಿ ನಗು ಬರುತ್ತದೆಯೇ? ನಗು ಬಂದರೆ ಅದು ನೋವಿನ ಬೇಸರ ಇರಬಹುದು. ಬಿಡುವಿನಲ್ಲೂ ಬಾರದಿದ್ದರೆ, “ನಾನು ಎಲ್ಲರಿಗೂ ಭಾರ” ಎಂಬ ಮಾತು ಮತ್ತೆ ಮತ್ತೆ ಬಂದರೆ ತಡಮಾಡಬೇಡಿ. ಜೊತೆಗೆ ರಕ್ತಹೀನತೆ, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ. ರಕ್ತಹೀನತೆ, ಬಿ12 ಕೊರತೆ, ಥೈರಾಯ್ಡ್ ಏರುಪೇರು ಸುಸ್ತನ್ನೂ ಮನಸ್ಸಿನ ಕುಸಿತವನ್ನೂ ತರಬಹುದು.

ಈಗ ಗುಳಿಗೆಯ ಮಾತು. ಇಲ್ಲಿ ಅನುಮಾನಗಳು ಹೆಚ್ಚು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡುಲೊಕ್ಸೆಟಿನ್ ಎಂಬ ಔಷಧಿ ಮೇಲೆ ಹೇಳಿದ ಎರಡೂ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತದೆ. ಖಿನ್ನತೆಗೂ ಕೆಲವು ಬಗೆಯ ದೀರ್ಘಕಾಲದ ನೋವಿಗೂ ಅದನ್ನೇ ಕೊಡುತ್ತಾರೆ. ಅಮಿಟ್ರಿಪ್ಟಿಲಿನ್ ಹಳೆಯದು, ಅಗ್ಗದ್ದು. ನೋವಿಗೆ ಮತ್ತು ನಿದ್ದೆಗೆ ರಾತ್ರಿ 10 ಅಥವಾ 25 ಮಿಲಿಗ್ರಾಂ ಕೊಡುವುದು ರೂಢಿ. ಅಷ್ಟು ಸಣ್ಣ ಪ್ರಮಾಣ ಖಿನ್ನತೆಗೆ ಸಾಲದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. “ಮನಸಿಗಿ ಗುಳಿಗಿ ತಗೊಳ್ಳಕತ್ತೀನಿ” ಎಂದು ತಿಳಿದವರು ನಿಜಕ್ಕೂ ನೋವಿನ ಗುಳಿಗೆಯಷ್ಟೇ ನುಂಗುತ್ತಿರಬಹುದು. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುವುದು, ಮಲಬದ್ಧತೆ, ಮುಂಜಾನೆ ಮಂಪರು ಬರಬಹುದು. ಹೃದಯದ ತೊಂದರೆ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದವರು, ವಯಸ್ಸಾದವರು ಡಾಕ್ಟರರಿಗೆ ಮೊದಲೇ ತಿಳಿಸಬೇಕು.

ಖಿನ್ನತೆಯ ಗುಳಿಗೆ ನೋವಿನ ಗುಳಿಗೆಯಾದ ಡೈಕ್ಲೋಫೆನಾಕ್‌ನಂತೆ ಅರ್ಧ ತಾಸಿನಲ್ಲಿ ಕೆಲಸ ತೋರಿಸುವುದಿಲ್ಲ. ಮನಸ್ಸು ಏಳಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಹತ್ತು ದಿನ ನುಂಗಿ “ಇದರಿಂದ ಏನೂ ಆಗಲಿಲ್ಲ” ಎಂದು ಬಿಡುವವರುಂಟು. ಗುಣ ಕಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಲು ಹೇಳುತ್ತಾರೆ. ಇವು ಚಟ ಹಿಡಿಸುವ ಔಷಧಿಗಳಲ್ಲ, ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗಿ ಚಡಪಡಿಕೆ ಆಗಬಹುದು, ಆದ್ದರಿಂದ ಡಾಕ್ಟರರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಮುಖ್ಯವಾಗಿ ನೀವು ನುಂಗುವ ಎಲ್ಲ ಗುಳಿಗೆಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಟ್ರಮಡಾಲ್ ಎಂಬ ನೋವಿನ ಗುಳಿಗೆ ಖಿನ್ನತೆಯ ಕೆಲವು ಗುಳಿಗೆಗಳ ಜೊತೆ ಸೇರಿದರೆ ಅಪಾಯವಾಗಬಹುದು. ಖಿನ್ನತೆಯ ಕೆಲವು ಗುಳಿಗೆಗಳು ಡೈಕ್ಲೋಫೆನಾಕ್, ಐಬುಪ್ರೊಫೆನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಏರುತ್ತದೆ.

ಹಳ್ಳಿಗಳಲ್ಲಿ ಸಿಗುವ ಹೆಸರಿಲ್ಲದ ಪುಡಿ, ಬಿಡಿ ಗುಳಿಗೆ, “ಒಂದು ಸೂಜಿ ಮಾಡಿಸ್ಕೊಂಡ್ರ ಎದ್ದು ಓಡ್ಯಾಡ್ತಿ” ಎನ್ನುವ ಇಂಜೆಕ್ಷನ್, ಇವುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಸ್ಟೀರಾಯ್ಡ್ ಮೊದಲು ಹುರುಪು ತರುತ್ತದೆ, ಆಮೇಲೆ ಸಕ್ಕರೆ ಏರಿಸುತ್ತದೆ, ಎಲುಬು ಸವೆಸುತ್ತದೆ, ಮನಸ್ಸನ್ನೂ ಏರುಪೇರು ಮಾಡುತ್ತದೆ. ತುಂಬ ದಿನ ತೆಗೆದುಕೊಂಡವರು ಹಠಾತ್ತನೆ ನಿಲ್ಲಿಸುವುದೂ ಅಪಾಯ. ನಾಚಿಕೆ ಬಿಟ್ಟು ಡಾಕ್ಟರರಿಗೆ ಹೇಳಿಬಿಡಿ.

ಗುಳಿಗೆಯಷ್ಟೇ ಮುಖ್ಯವಾದದ್ದು ದಿನವನ್ನು ಹೇಗೆ ಕಳೆಯುತ್ತೀರಿ ಎಂಬುದು. ಆ ಅಕ್ಕ ಮಾಡುತ್ತಿದ್ದದ್ದು ನೋಡಿ. ನೋವು ಕಡಿಮೆ ಇದ್ದ ದಿನ ಮನೆಯ ಬಟ್ಟೆಯೆಲ್ಲ ಒಗೆದು, ತೊಗರಿ ಹಸನು ಮಾಡಿ, ಅಂಗಳ ಸಾರಿಸಿ ಮುಗಿಸುತ್ತಿದ್ದಳು. ಆಮೇಲೆ ಮೂರು ದಿನ ಮೇಲೇಳಲು ಆಗುತ್ತಿರಲಿಲ್ಲ. ಮಲಗಿದ ಮೂರು ದಿನ “ನನ್ನಿಂದ ಏನೂ ಆಗೂದಿಲ್ಲ” ಎಂಬ ಯೋಚನೆ ತಿನ್ನುತ್ತಿತ್ತು. ಇದನ್ನು ಮುರಿಯುವ ಉಪಾಯ ಸರಳ, ಆದರೆ ಹಟ ಬೇಕು. ಕೆಲಸಕ್ಕೆ ನೋವನ್ನು ಅಳತೆ ಮಾಡಿಕೊಳ್ಳದೆ ಗಡಿಯಾರವನ್ನು ಅಳತೆ ಮಾಡಿಕೊಳ್ಳಬೇಕು. 20 ನಿಮಿಷಕ್ಕೆ ನೋವು ಏರುತ್ತದೆ ಎಂದು ಗೊತ್ತಿದ್ದರೆ 12 ನಿಮಿಷಕ್ಕೇ ಎದ್ದು ಕೈ ಬಿಡಿ, ಹತ್ತು ನಿಮಿಷ ಕೂತು ಮತ್ತೆ ಹಿಡಿಯಿರಿ. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಆದಷ್ಟು ಮಟ್ಟಿಗೆ ಅಷ್ಟೇ. ವಾರಕ್ಕೆ ಒಂದೆರಡು ನಿಮಿಷ ಏರಿಸಿ.

ಎರಡನೆಯ ಉಪಾಯ, ಮನಸ್ಸು ಬರುವವರೆಗೆ ಕಾಯದೆ ಹೊರಡುವುದು. ಖಿನ್ನತೆಯಲ್ಲಿ ಮೊದಲು ಕಾಲು ಹೊರಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮನೋವೈದ್ಯರೂ ಆಪ್ತಸಮಾಲೋಚಕರೂ ಕಲಿಸುವ ಪದ್ಧತಿಯಿದು: ದಿನಕ್ಕೊಂದು ಸಣ್ಣ ಕೆಲಸ, ಹೊತ್ತು ಗೊತ್ತುಮಾಡಿಕೊಂಡು. ಸಂಜೆ ಐದಕ್ಕೆ ಗುಡಿಯ ಕಟ್ಟೆಯವರೆಗೆ ಹೋಗಿ ಬರುವುದು, ಭಜನೆಯಲ್ಲಿ ಹಿಂದಿನ ಸಾಲಿನಲ್ಲಾದರೂ ಕೂರುವುದು. ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಹೋಗುವವರು, ಅಷ್ಟೂರಿನ ದರ್ಗಾಕ್ಕೆ ಹೋಗುವವರು ಹೋಗಿ ಬನ್ನಿ. ನಾಲ್ಕು ಜನರ ಜೊತೆ ಹೊರಬೀಳುವುದೇ ಮದ್ದಿನ ಒಂದು ಭಾಗ. ಗುಳಿಗೆಯ ಚೀಲ ಮಾತ್ರ ಮರೆಯಬೇಡಿ.

ಮನೆಯವರಿಗೆ: ಪ್ರೀತಿಯಿಂದಲೇ ಎಲ್ಲ ಕೆಲಸ ಕಿತ್ತುಕೊಂಡರೆ ರೋಗಿಗೆ ಉಳಿಯುವುದು ಹಾಸಿಗೆ ಒಂದೇ. ಅಕ್ಕನ ಸೊಸೆ ಈಗ ಒಂದು ದಾರಿ ಕಂಡುಕೊಂಡಿದ್ದಾಳೆ. ರೊಟ್ಟಿ ಬಡಿಯುವುದು ಸೊಸೆ, ಹಂಚಿನ ಮೇಲೆ ನೀರು ಹಚ್ಚಿ ತಿರುವುವುದು ಅತ್ತೆ. ಹಿಟ್ಟಿನ ಹದ ಹೇಳುವುದೂ ಅತ್ತೆಯೇ. “ಚಂದಾಗೇ ಕಾಣ್ತಿ ಅಲಾ, ಏನಾಗ್ಯಾದ?” ಎಂಬ ಮಾತಿಗಿಂತ “ಇವತ್ತ ಎಷ್ಟು ನೋಯಲಕತ್ತದ, ನಾ ಏನ್ ಮಾಡ್ಲಿ?” ಎಂದು ಕೇಳಿದರೆ ಬಹಳ ವ್ಯತ್ಯಾಸವಾಗುತ್ತದೆ.

ಜೀವ ಬೇಡ ಎಂಬ ಮಾತು ಬಂದರೆ ಅದನ್ನು ಬೇಸರದ ಮಾತೆಂದು ತಳ್ಳಬೇಡಿ. “ಸಾಯಬೇಕು ಅನ್ನೋ ವಿಚಾರ ಬರ್ತದಾ?” ಎಂದು ನೇರವಾಗಿ ಕೇಳಿ. ಕೇಳುವುದರಿಂದ ವಿಚಾರ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಹೊರಗೆ ಬೀಗ ಹಾಕಿಡಿ, ಗುಳಿಗೆಯ ಪೆಟ್ಟಿಗೆ ನಿಮ್ಮ ಕೈಯಲ್ಲಿರಲಿ, ಅದೇ ದಿನ ಡಾಕ್ಟರರ ಹತ್ತಿರ ಕರೆದೊಯ್ಯಿರಿ. ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುವ ಕಾಲ ಹೋಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಕೊಡಬೇಕೆಂದು ಹೇಳುತ್ತದೆ.

ಎಲ್ಲಿಗೆ ಹೋಗುವುದು? ಹಳ್ಳಿಯ ದವಾಖಾನೆಯಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಕೆಲಸವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ವ್ಯವಸ್ಥೆಯಿದೆ. ಭಾಲ್ಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ವಿಚಾರಿಸಿಕೊಳ್ಳಿ, ಒಂದು ದಿನದ ಕೂಲಿ ಸುಮ್ಮನೆ ಹೋಗಬಾರದು. ಬೀದರಿನಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲಾಗದ ದಿನ, ಅಥವಾ ರಾತ್ರಿ ಎರಡು ಗಂಟೆಗೆ ನೋವೂ ಯೋಚನೆಯೂ ಒಟ್ಟಿಗೆ ಎದ್ದಾಗ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆಗೆ ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರರ ಮುಂದೆ ಕೂತಾಗ ಮಾತು ಹೊರಡದಿದ್ದರೆ ಈ ಎರಡು ವಾಕ್ಯ ಬರೆದುಕೊಂಡು ಹೋಗಿ ತೋರಿಸಿ: “ನನಗೆ ಇಷ್ಟು ವರ್ಷದಿಂದ ನೋವಿದೆ. ಇಷ್ಟು ದಿನದಿಂದ ಮನಸ್ಸೂ ಸರಿಯಿಲ್ಲ, ಅದನ್ನೂ ನೋಡಿ.” ಮನೆಯ ಕ್ಯಾಲೆಂಡರಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ, ಟೆಲಿ ಮಾನಸ್ ಸಂಖ್ಯೆಯನ್ನು ಇವತ್ತೇ ದಪ್ಪಕ್ಷರದಲ್ಲಿ ಬರೆದಿಡಿ: 14416.