ಗೋಲು ತಡೆಯುವವನ ಲೆಕ್ಕ

ಕಬಡ್ಡಿಯನ್ನು ತಾವೆಲ್ಲ ಬಲ್ಲಿರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಅದನ್ನು ಆಡದೆ ಬೆಳೆದ ಹುಡುಗರು ಕಡಿಮೆ. ದಾಳಿಗೆ ಬಂದವನ ಕಾಲನ್ನು ಮೂಲೆಯವನು ಹಿಡಿದು ಕೆಡವಿದರೆ ತಂಡಕ್ಕೆ ಒಂದು ಅಂಕ ಬರುತ್ತದೆ. ಕಾಲ್ಚೆಂಡಾಟದಲ್ಲಿ ಹಾಗಿಲ್ಲ. ಅಲ್ಲಿ ರಕ್ಷಕನು 90 ನಿಮಿಷ ತಡೆದರೂ ಫಲಕದ ಮೇಲೆ ಕಾಣುವುದು ಎದುರಾಳಿಯ ಸೊನ್ನೆ ಮಾತ್ರ. ನಮ್ಮ ಎರೆಹೊಲದ ಒಡ್ಡಿನ ಪಾಡೇ ಅವನದು: ಒಡೆದ ದಿನವಷ್ಟೇ ಎಲ್ಲರೂ ಅದನ್ನು ನೋಡುತ್ತಾರೆ.

ಇಂಥ ಕೆಲಸಕ್ಕಾಗಿ ಸ್ಪೇನ್ ದೇಶದಿಂದ ಬೆಂಗಳೂರಿಗೆ ಬಂದವನು ಹುವಾನಾನ್. ಪೂರ್ಣ ಹೆಸರು ಹುವಾನ್ ಆಂಟೋನಿಯೊ ಗೊನ್ಸಾಲೆಸ್ ಫರ್ನಾಂಡೆಸ್. ಮೊದಲೆರಡು ಹೆಸರುಗಳು ಕೂಡಿ, ಎರಡನೆಯದರ ಬಾಲ ಲೋಪವಾಗಿ ಹುವಾನಾನ್ ಆಯಿತು. ವ್ಯಾಕರಣ ಕಲಿಸುವವರಿಗೆ ಇದೊಂದು ಒಳ್ಳೆಯ ಉದಾಹರಣೆ. ಆಫ್ರಿಕದ ಪಶ್ಚಿಮ ತೀರಕ್ಕೆ ಸಮೀಪದ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸಿನಲ್ಲಿ 1987ರಲ್ಲಿ ಜನನ. ರಿಯಲ್ ಮ್ಯಾಡ್ರಿಡ್ ಸಂಸ್ಥೆಯ ಎರಡನೆಯ ತಂಡದಲ್ಲೂ ಜರ್ಮನಿಯ ಫಾರ್ಚುನಾ ಡ್ಯುಸೆಲ್‌ಡಾರ್ಫ್ ತಂಡದಲ್ಲೂ ಆಡಿದ ಮೇಲೆ 2016ರಲ್ಲಿ ಬೆಂಗಳೂರು ಎಫ್‌ಸಿ ಸೇರಿದನು.

ಬಂದ ವರ್ಷವೇ ಕಠಿಣ ಪರೀಕ್ಷೆ ಒದಗಿತು. ಎ.ಎಫ್.ಸಿ. ಕಪ್ಪಿನ ಉಪಾಂತ್ಯದಲ್ಲಿ, ಹಿಂದಿನ ವರ್ಷ ಗೆದ್ದಿದ್ದ ಮಲೇಶಿಯದ ಜೊಹೊರ್ ತಂಡವನ್ನು ಬೆಂಗಳೂರು ಕಂಠೀರವ ಕ್ರೀಡಾಂಗಣದಲ್ಲಿ 3-1ರಿಂದ ಸೋಲಿಸಿತು. ಸುನಿಲ್ ಛೆಟ್ರಿ ಎರಡು ಗೋಲು ಹೊಡೆದನು. ಮೂರನೆಯದು ಈ ರಕ್ಷಕನದು. ಭಾರತದ ತಂಡವೊಂದು ಆ ಪಂದ್ಯಾವಳಿಯ ಅಂತಿಮ ಆಟಕ್ಕೆ ಏರಿದ್ದು ಅದೇ ಮೊದಲು. ದೋಹಾದಲ್ಲಿ ನಡೆದ ಆ ಅಂತಿಮದಲ್ಲಿ ಇರಾಕಿನ ವಾಯುಪಡೆಯ ತಂಡ ಒಂದೇ ಗೋಲಿನಿಂದ ಗೆದ್ದಿತು. ಇಡೀ ಆಟದಲ್ಲಿ ತಡೆದದ್ದೆಷ್ಟೋ. ನೆನಪಿನಲ್ಲಿ ಉಳಿದದ್ದು ತಪ್ಪಿದ ಆ ಒಂದು.

ರಕ್ಷಕನ ಕೆಲಸವನ್ನು ಅರಿಯಬೇಕಾದರೆ ಮೂಲೆಯ ಒದೆತವನ್ನು ಗಮನಿಸಬೇಕು. ಮೂಲೆಯಿಂದ ಚೆಂಡು ಮೇಲೇರಿ ಗೋಲಿನ ಮುಂದೆ ಇಳಿಯುವ ಆ ಗಳಿಗೆಯಲ್ಲಿ ಎತ್ತರದ ರಕ್ಷಕರು ತಲೆಯಿಂದ ಅದನ್ನು ಹೊರತಳ್ಳಬೇಕು. ಎದುರು ಪಾಳೆಯದ ರಕ್ಷಕರೂ ಮುಂದೆ ಬಂದು ಅದನ್ನೇ ಗೋಲಿಗೆ ತಳ್ಳಲು ಕಾದಿರುತ್ತಾರೆ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಅಂತಿಮದಲ್ಲಿ ಚೆನ್ನೈ ತಂಡದ ಬ್ರೆಜಿಲ್ ರಕ್ಷಕ ಮೈಲ್‌ಸನ್ ಆಲ್ವೆಸ್ ಹೀಗೆಯೇ ಎರಡು ಬಾರಿ ತಲೆಯಿಂದ ಗೋಲು ಹೊಡೆದನು. ತಾವೇ ಮೊದಲು ಗೋಲು ಹೊಡೆದಿದ್ದರೂ ಬೆಂಗಳೂರಿಗರು ತವರಿನ ಜನರೆದುರಿಗೆ 2-3ರಿಂದ ಸೋತರು.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಮತ್ತೆ ಅಂತಿಮ. ಎದುರಿಗೆ ಗೋವಾ ತಂಡ. ಅದರ ಮುಂಚೂಣಿಯಲ್ಲಿ ಫೆರಾನ್ ಕೊರೊಮಿನಾಸ್. ಅವನೂ ಸ್ಪೇನಿನವನೇ, ಆ ಋತುವಿನಲ್ಲಿ 16 ಗೋಲು, ಹಿಂದಿನದರಲ್ಲಿ 18. ದೇಶ ಬಿಟ್ಟು ಬಂದ ಇಬ್ಬರು, ಒಬ್ಬನಿಗೆ ಹೊಡೆಯುವ ಸಂಬಳ, ಇನ್ನೊಬ್ಬನಿಗೆ ಅವನನ್ನು ತಡೆಯುವ ಸಂಬಳ! ನಿಗದಿತ ವೇಳೆ ಮುಗಿಯಿತು, ಹೆಚ್ಚುವರಿ ವೇಳೆಯೂ ಮುಗಿಯುತ್ತ ಬಂದಿತು. ಹುವಾನಾನ್ ಮತ್ತು ಸಂಗಡಿಗರು ಗೋವೆಗೆ ಒಂದು ಗೋಲನ್ನೂ ಬಿಡಲಿಲ್ಲ. 115 ನಿಮಿಷ ದಾಟಿದ ಮೇಲೆ ಮೂಲೆಯ ಒದೆತವೊಂದಕ್ಕೆ ಬೆಂಗಳೂರಿನ ರಕ್ಷಕ ರಾಹುಲ್ ಭೇಕೆ ತಲೆಗೊಟ್ಟನು. 1-0. ಆ ತಂಡವನ್ನು ತರಬೇತುಗೊಳಿಸಿದ ಕಾರ್ಲೆಸ್ ಕ್ವಾದ್ರಾತ್ ಕೂಡ ಸ್ಪೇನಿನ ಹಳೆಯ ರಕ್ಷಕನೇ ಎಂಬುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

2021ರಲ್ಲಿ ಹುವಾನಾನ್ ಹೈದರಾಬಾದಿಗೆ ಹೋದನು. 2022ರ ಮಾರ್ಚಿನಲ್ಲಿ ಗೋವೆಯಲ್ಲಿ ಕೇರಳದ ತಂಡದೊಡನೆ ಅಂತಿಮದ ಆಟ 1-1ರಲ್ಲಿ ನಿಂತು, ಪೆನಾಲ್ಟಿ ಒದೆತಗಳಲ್ಲಿ ಹೈದರಾಬಾದು 3-1ರಿಂದ ಗೆದ್ದಿತು. ಮೂರು ಒದೆತಗಳನ್ನು ತಡೆದವನು ಗೋಲಿಯಾದ ಲಕ್ಷ್ಮೀಕಾಂತ ಕಟ್ಟಿಮನಿ. ಹೆಸರು ಕೇಳಿದೊಡನೆ ನಮ್ಮ ಕಡೆಯವರು ಕಿವಿ ನಿಮಿರಿಸುವುದು ಸಹಜ; ಆಟಗಾರ ಮಾತ್ರ ಗೋವೆಯವನು. ಮರುದಿನದ ಮಾತೆಲ್ಲ ಅವನದೇ ಆಯಿತು. ಹುವಾನಾನನಿಗೆ ಭಾರತದ ಲೀಗಿನಲ್ಲಿ ಅದೇ ಕೊನೆಯ ಆಟ.